ಮೂರಕ್ಕನ ಎರಡು ನಿಮಿಷ

ಆಸ್ಪತ್ರೆಯಲ್ಲಿ ಆಕೆ ನರ್ಸ್, ಹಾಗಾಗಿ ಸಿಸ್ಟರ್. ಕಾನ್ವೆಂಟಿನಲ್ಲಿ ಸನ್ಯಾಸಿನಿ, ಹಾಗಾಗಿಯೂ ಸಿಸ್ಟರ್. ಹುಟ್ಟಿದ ಮನೆಯಲ್ಲಿ ಹಿರಿಮಗಳು, ಹಾಗಾಗಿ ಅಕ್ಕ. ಯಾವ ಕಡೆಯಿಂದ ಬಂದರೂ ಅಕ್ಕನೇ ಆಗುವವಳನ್ನು ಇನ್ನೇನೆಂದು ಕರೆಯುವುದು ಎಂದು ಡಾಕ್ಟರು ಒಂದು ದಿನ ತಮಾಷೆಗೆ ‘ಮೂರಕ್ಕ’ ಎಂದರು. ಹೆಸರು ಅಂಟಿಕೊಂಡಿತು. ಕಸ ಗುಡಿಸುವವಳಿಂದ ಹಿಡಿದು ಪಾದ್ರಿಗಳವರೆಗೆ ಎಲ್ಲರೂ ಹಿಂದಿನಿಂದ ಮೂರಕ್ಕ ಎನ್ನುವವರೇ. ಎದುರಿಗೆ ಹೇಳುವ ಧೈರ್ಯ ಡಾಕ್ಟರಿಗೆ ಮಾತ್ರ ಇತ್ತು.

ಚರ್ಚಿನವರು ನಡೆಸುತ್ತಿದ್ದ ಮೂವತ್ತು ಹಾಸಿಗೆಯ ಆಸ್ಪತ್ರೆ ಅದು. ಔಷಧಿ ಕೊಡುವ ಕಿಟಕಿಯ ಮರದ ಚೌಕಟ್ಟು ಜನ ಮೊಣಕೈ ಊರಿ ಊರಿ ಸವೆದು ನುಣ್ಣಗಾಗಿತ್ತು. ಕಿಟಕಿಯ ಒಳಬದಿಯಲ್ಲಿ ಮೂರಕ್ಕ ಇಪ್ಪತ್ತಾರು ವರ್ಷ ನಿಂತಿದ್ದಳು. ಮಧ್ಯಾಹ್ನದ ಹೊತ್ತಿಗೆ ಪಾದ ಊದಿಕೊಂಡು ಬೂಟಿನ ಹಿಮ್ಮಡಿಯನ್ನು ಮಡಚಿ ತುಳಿದು, ಚಪ್ಪಲಿಯಂತೆ ಎಳೆದುಕೊಂಡು ಓಡಾಡುವಳು. ಆ ಸರಪರ ಸದ್ದು ಕೇಳಿದರೆ ವಾರ್ಡಿನಲ್ಲಿ ಹರಟುತ್ತಿದ್ದವರು ಬಾಯಿ ಮುಚ್ಚುತ್ತಿದ್ದರು.

ಎಚ್‌ಐವಿ ಆ ಊರಿಗೆ ಬಂದು ಹತ್ತು ವರ್ಷವಾಗಿತ್ತು. ಮೊದಲು ಒಬ್ಬೊಬ್ಬರಾಗಿ ಬಂದರು, ಆಮೇಲೆ ಮನೆಮನೆಯೇ ಬಂದಿತು. ಔಷಧಿ ಇರಲಿಲ್ಲವೆಂದಲ್ಲ. ಇತ್ತು. ದಿನವೂ ತಪ್ಪದೆ ನುಂಗಿದರೆ, ಹಾಸಿಗೆ ಹಿಡಿದವರು ಎದ್ದು ಕೆಲಸಕ್ಕೆ ಹೋಗುವಂಥ ಔಷಧಿ. ಅದನ್ನು ತಯಾರಿಸುವ ಹಕ್ಕು ದೂರದ ಶ್ರೀಮಂತ ದೇಶದ ಒಂದು ಕಂಪನಿಯ ಕೈಯಲ್ಲಿತ್ತು. ಅಗ್ಗವಾಗಿ ಮಾಡಿಕೊಡುತ್ತೇವೆಂದು ಮುಂದೆ ಬಂದವರಿಗೆ ಕಂಪನಿ ಅಡ್ಡಗಾಲು ಹಾಕಿತ್ತು. ಕಂಪನಿ ಹೇಳಿದ ಬೆಲೆಗೆ ಆ ಊರಿನಲ್ಲಿ ಅದನ್ನು ಕೊಳ್ಳಬಲ್ಲವರು ಕೈಬೆರಳೆಣಿಕೆಯಷ್ಟೂ ಇರಲಿಲ್ಲ. ಹಾಗಾಗಿ ಮೂರಕ್ಕ ಕೊಡುತ್ತಿದ್ದುದು ಜ್ವರದ ಮಾತ್ರೆ, ಕೆಮ್ಮಿನ ಸಿರಪ್ಪು, ಹುಣ್ಣಿನ ಮುಲಾಮು ಮತ್ತು ‘ಮುಂದಿನ ವಾರ ಬಾ’ ಎಂಬ ಮಾತು. ಮುಂದಿನ ವಾರ ಬರದವರ ಹೆಸರಿನ ಚೀಟಿಯನ್ನು ಕಿಟಕಿ ಪಕ್ಕದ ಪೆಟ್ಟಿಗೆಯಿಂದ ತೆಗೆದಿಡುತ್ತಿದ್ದಳು.

ಒಂದು ವರ್ಷ ಹೊರದೇಶದ ಒಂದು ಚರ್ಚಿನವರು ಕೂಡಿಸಿ ಕಳಿಸಿದ ಔಷಧಿ ಬಂತು. ಇಪ್ಪತ್ತು ಜನಕ್ಕೆ ಸಾಕಾಗುವಷ್ಟು; ವರ್ಷವರ್ಷವೂ ಅಷ್ಟೇ ಕಳಿಸುತ್ತೇವೆಂದರು. ಬೇಕಾಗಿದ್ದವರು ನೂರ ಅರವತ್ತು. ಯಾರಿಗೆ ಕೊಡುವುದೆಂದು ತೀರ್ಮಾನಿಸಲು ನಾಲ್ವರ ಸಮಿತಿಯಾಯಿತು: ಡಾಕ್ಟರು, ಪಾದ್ರಿಗಳು, ಶಾಲೆಯ ಹೆಡ್‌ಮೇಷ್ಟ್ರು, ಮೂರಕ್ಕ. ಪ್ರತಿ ಗುರುವಾರ ಮಧ್ಯಾಹ್ನ ಎಕ್ಸ್‌ರೇ ಕೋಣೆಯಲ್ಲಿ ಸೇರುತ್ತಿದ್ದರು. ಇಡೀ ಆಸ್ಪತ್ರೆಯಲ್ಲಿ ಬಾಗಿಲು ಸರಿಯಾಗಿ ಹಾಕಿಕೊಳ್ಳುತ್ತಿದ್ದ ಕೋಣೆ ಅದೊಂದೇ.

ಸಮಿತಿಗೊಂದು ಅರ್ಜಿ ನಮೂನೆ ಇತ್ತು. ಮನೆಯಲ್ಲಿ ಗಡಿಯಾರವಿದೆಯೇ? ಮಾತ್ರೆ ನುಂಗುವುದನ್ನು ನೋಡಿಕೊಳ್ಳುವವರಿದ್ದಾರೆಯೇ? ಆಸ್ಪತ್ರೆಗೆ ಎಷ್ಟು ದೂರ ನಡೆಯಬೇಕು? ಸಣ್ಣ ಮಕ್ಕಳು ಎಷ್ಟು? ಒಂದೊಂದು ಉತ್ತರಕ್ಕೂ ಅಂಕ. ಹೆಡ್‌ಮೇಷ್ಟ್ರು ಉತ್ತರಪತ್ರಿಕೆ ತಿದ್ದುವವರಂತೆ ಕೆಂಪು ಪೆನ್ನು ತಂದಿದ್ದರು. ಎರಡನೇ ವಾರ ಅದನ್ನು ಜೇಬಿಗೆ ಹಾಕಿಕೊಂಡು, “ನೀಲಿ ಇದ್ರೆ ಕೊಡಿ ಸಿಸ್ಟರ್, ಇದರಲ್ಲಿ ಬರೆಯೋಕೆ ಆಗ್ತಿಲ್ಲ” ಎಂದರು.

ಮೊದಲ ದಿನವೇ ಮೂರಕ್ಕ ಒಂದು ಮಾತು ಹೇಳಿದ್ದಳು. “ಆಸ್ಪತ್ರೆಯವರ ನೆಂಟರಿಷ್ಟರನ್ನ ಈ ಮೊದಲ ಪಟ್ಟಿಗೆ ಸೇರಿಸೋದು ಬೇಡ. ಇವತ್ತು ಒಬ್ಬರಿಗೆ ಕೊಟ್ಟರೆ ನಾಳೆ ಊರೆಲ್ಲ ಬಾಗಿಲಲ್ಲಿ ನಿಂತು ಕೇಳುತ್ತೆ. ಉತ್ತರ ಹೇಳೋಕೆ ನಮಗೆ ಮುಖ ಇರಲ್ಲ.” ಉಳಿದವರು ತಲೆದೂಗಿದರು. ಅದನ್ನು ಬರೆದು ನಾಲ್ವರೂ ಸಹಿ ಹಾಕಿದರು.

ಅದಾದ ಆರನೇ ವಾರಕ್ಕೆ ಅವಳ ತಮ್ಮ ಬಂದ.

ತಮ್ಮ ವೆಲ್ಡಿಂಗ್ ಕೆಲಸದವನು. ಊರಿನ ಅರ್ಧ ಮನೆಗಳ ಗೇಟು ಅವನು ಬೆಸೆದದ್ದೇ. ಕೆಲವು ತಿಂಗಳಿಂದ ಮೈ ಇಳಿಯುತ್ತಿತ್ತು. ಕೆಲಸದ ಕಾವಿಗೆ ಇರಬಹುದೆಂದು ಅವನೂ, ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲವೆಂದು ಅವನ ಹೆಂಡತಿಯೂ ಅಂದುಕೊಂಡಿದ್ದರು. ರಕ್ತ ತೆಗೆದವಳು ಮೂರಕ್ಕನೇ. ಫಲಿತಾಂಶದ ಕಾಗದ ಮೊದಲು ನೋಡಿದವಳೂ ಅವಳೇ. ಹೆಂಡತಿಯ ರಕ್ತದಲ್ಲೂ ಅದೇ ಇತ್ತು, ಆದರೆ ಅವಳಿನ್ನೂ ಗಟ್ಟಿಮುಟ್ಟಾಗಿದ್ದಳು.

ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದರು. “ಆ ನಿಯಮ ನಾವೇ ಮಾಡಿದ್ದು. ನಾವೇ ಕೈಬಿಡಬಹುದು. ಈ ಗುರುವಾರ ನಾನೇ ಎತ್ತುತ್ತೀನಿ. ನೀವು ಸುಮ್ನೆ ಕೂತಿದ್ರೆ ಸಾಕು.”

“ಬೇಡ ಡಾಕ್ಟರೇ.”

“ಒಂದು ಸಲ ಯೋಚ್ನೆ ಮಾಡಿ.”

“ಯೋಚ್ನೆ ಮಾಡಿದ್ರೆ ಬೇಕು ಅಂತೀನಿ. ಅದಕ್ಕೇ ಮಾಡ್ತಿಲ್ಲ.”

ತಮ್ಮ ಒಂದೇ ಒಂದು ಸಲ ಕೇಳಿದ. ಅದನ್ನೂ ನೇರವಾಗಿ ಕೇಳಲಿಲ್ಲ. ಸಂಜೆ ಅವಳು ಅವನ ಮನೆಗೆ ಹೋದಾಗ ಗೋಡೆಗೆ ಒರಗಿ ಕೂತಿದ್ದವನು, ತಲೆ ಎತ್ತಿ ಮೇಲೆ ನೋಡುತ್ತ, “ಅಕ್ಕ, ನಮ್ಮ ಮನೇಲಿ ಗಡಿಯಾರಾನೂ ಇದೆ. ಓಡ್ತಾನೂ ಇದೆ,” ಎಂದ. ಅರ್ಜಿಯ ಪ್ರಶ್ನೆಗಳು ಊರಿಗೆಲ್ಲ ಬಾಯಿಪಾಠವಾಗಿದ್ದವು. ಮೂರಕ್ಕ ಅವನ ಹಣೆ ಮುಟ್ಟಿ ನೋಡಿ, ಜ್ವರದ ಮಾತ್ರೆ ಕೊಟ್ಟು, ಬಂದ ದಾರಿಯಲ್ಲೇ ವಾಪಸ್ಸು ಹೋದಳು. ದಾರಿಯುದ್ದಕ್ಕೂ ಅವನು ಬೆಸೆದ ಗೇಟುಗಳೇ.

ಎಂಟು ತಿಂಗಳಿಗೆ ಅವನು ತೀರಿಕೊಂಡ. ಮಣ್ಣು ಮಾಡಿ ಬಂದ ಮೇಲೆ ಅವನ ಹೆಂಡತಿ ಬಾಗಿಲ ಬಳಿ ನಿಂತು, ದನಿ ಏರಿಸದೆ, “ನೀವು ಕೈ ಎತ್ತಿದ್ರೆ ಸಾಕಿತ್ತು ಅತ್ತಿಗೆ,” ಎಂದಳು. ಅಷ್ಟೇ. ಅಂದಿನಿಂದ ಮಾತು ನಿಂತಿತು. ಅವಳು ಚಿಕಿತ್ಸೆಗೂ ಆ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ.

ಮುಂದಿನ ಗುರುವಾರ ಮೂರಕ್ಕ ಎಂದಿನಂತೆ ಎಕ್ಸ್‌ರೇ ಕೋಣೆಗೆ ಹೋದಳು. ಇಪ್ಪತ್ತರಲ್ಲಿ ಒಬ್ಬಳು ಸತ್ತು ಒಂದು ಜಾಗ ಖಾಲಿಯಾಗಿತ್ತು. ಆ ಒಂದು ಜಾಗಕ್ಕೆ ಮೂವತ್ತೊಂದು ಅರ್ಜಿ ಓದಿದರು. ಪಾದ್ರಿಗಳು ಪ್ರಾರ್ಥನೆ ಶುರುಮಾಡಿ ನಡುವೆ ಮಾತು ಮರೆತು ಸುಮ್ಮನಾದರು. ನಲವತ್ತು ವರ್ಷ ಹೇಳಿಕೊಂಡು ಬಂದ ಮಾತು.

ಆ ವರ್ಷದ ಕೊನೆಗೆ ಒಂದು ಕಾಗದ ಬಂತು. ಕಂಪನಿಯಿದ್ದ ದೇಶದಲ್ಲಿ ಬೇರೆ ಬೇರೆ ಧರ್ಮದವರ ಒಂದು ಒಕ್ಕೂಟವಿತ್ತು. ಅದರಲ್ಲಿದ್ದ ಮುದಿ ಸನ್ಯಾಸಿನಿಯರ ನಿವೃತ್ತಿ ನಿಧಿಯಿಂದ ಕಂಪನಿಯ ಕೆಲವು ಷೇರು ಕೊಂಡಿದ್ದರು. ಲಾಭಕ್ಕಲ್ಲ. ಷೇರು ಇದ್ದವರು ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಮಾತಾಡಬಹುದು, ಒಂದು ಬೇಡಿಕೆಯನ್ನು ಮತಕ್ಕೆ ಹಾಕಿಸಬಹುದು. ಬಡದೇಶಗಳಲ್ಲಿ ಈ ಔಷಧಿಯನ್ನು ಬೇರೆಯವರು ಅಗ್ಗವಾಗಿ ಮಾಡಲು ಕಂಪನಿ ಬಿಡಬೇಕೆಂಬುದು ಇವರ ಬೇಡಿಕೆ. ಔಷಧಿಯಿಲ್ಲದೆ ಜನ ಸಾಯುವುದನ್ನು ಕಣ್ಣಾರೆ ಕಂಡವರೊಬ್ಬರು ಬಂದು ಹೇಳಬೇಕು ಎಂದು ಕಾಗದದಲ್ಲಿತ್ತು. ಕಾನ್ವೆಂಟಿನ ಮದರ್ ಮೂರಕ್ಕನನ್ನೇ ಆರಿಸಿದರು.

“ನಾನ್ಯಾಕೆ ಮದರ್? ಅವರ ಭಾಷೆ ಓದೋಕೆ ಬರುತ್ತೆ, ನಾಲಿಗೆ ಹೊರಳಲ್ಲ.”

“ಎರಡು ನಿಮಿಷ ಮಾತಾಡೋದು. ಅಳದೆ ಮಾತಾಡೋರು ಬೇಕಂತೆ. ನಮ್ಮಲ್ಲಿ ಇನ್ಯಾರಿದ್ದಾರೆ ಹೇಳು.”

ಹೀಗೆ ಐವತ್ತಮೂರನೇ ವಯಸ್ಸಿನಲ್ಲಿ ಮೂರಕ್ಕ ಮೊದಲ ಸಲ ವಿಮಾನ ಹತ್ತಿದಳು. ಹತ್ತಿ ಕೂತವಳು ಬೆಲ್ಟು ಕಟ್ಟಿಕೊಂಡ ಕೂಡಲೇ ನಿದ್ದೆ ಹೋದಳು. ಕಿಟಕಿಯಾಚೆ ಏನಿತ್ತೆಂದು ಆಮೇಲೆ ಕೇಳಿದವರಿಗೆ ಹೇಳಲು ಅವಳ ಬಳಿ ಏನೂ ಇರಲಿಲ್ಲ.

ಅಲ್ಲಿ ಅವಳನ್ನು ಎದುರುಗೊಂಡವರು ಎಪ್ಪತ್ತು ದಾಟಿದ ಒಬ್ಬ ಸನ್ಯಾಸಿನಿ, ಹಿಂದೆ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು. ಬಳಪದಂತೆ ಬಿಳಿಚಿಕೊಂಡ ಉದ್ದನೆಯ ಹೆಂಗಸು. ಅಡುಗೆಮನೆಯಲ್ಲಿ ಮೊಟ್ಟೆ ಬೇಯಿಸಲು ಇಡುವ ಟೈಮರನ್ನು ಮೇಜಿನ ಮೇಲಿಟ್ಟು ಎರಡು ನಿಮಿಷದ ಮಾತನ್ನು ಅವಳಿಂದ ಹನ್ನೊಂದು ಸಲ ಹೇಳಿಸಿದರು. ಹನ್ನೆರಡನೇ ಸಲಕ್ಕೆ ಮೊದಲು ಕನ್ನಡಕ ತೆಗೆದು, “ನಿಮ್ಮ ತಮ್ಮನ ವಿಷಯ ಡಾಕ್ಟರು ಬರೆದಿದ್ದರು. ಅದನ್ನ ಹೇಳಿದ್ರೆ ಜನರ ಮನಸ್ಸಿಗೆ ನಾಟುತ್ತೆ,” ಎಂದರು.

“ಅವನನ್ನ ಅಲ್ಲಿಗೆ ಕರಕೊಂಡು ಹೋಗಲ್ಲ ಸಿಸ್ಟರ್. ಬದುಕಿದ್ದಾಗಲೇ ಎಲ್ಲಿಗೂ ಕರಕೊಂಡು ಹೋಗಲಿಲ್ಲ.”

ಗಣಿತದ ಸಿಸ್ಟರ್ ಮತ್ತೆ ಆ ಮಾತೆತ್ತಲಿಲ್ಲ.

ಒಕ್ಕೂಟದ ಪರವಾಗಿ ಇನ್ನೊಂದು ಬಡದೇಶದಿಂದ ಒಬ್ಬ ಮೌಲ್ವಿಗಳೂ ಬಂದಿದ್ದರು. ತಮ್ಮ ಮಸೀದಿಯ ಹಿತ್ತಲಲ್ಲಿ ರೋಗಿಗಳನ್ನು ಇರಿಸಿಕೊಂಡು ನೋಡಿಕೊಳ್ಳುತ್ತಿದ್ದವರು. ಸಭೆಯ ಬೆಳಗ್ಗೆ ಹೋಟೆಲಿನ ಹಜಾರದಲ್ಲಿ ಇಬ್ಬರೂ ಅಕ್ಕಪಕ್ಕದ ಮೆತ್ತನೆಯ ಕುರ್ಚಿಗಳಲ್ಲಿ ಹೂತುಹೋಗಿ, ಏಳಲು ಬಾರದೆ ಕೂತಿದ್ದರು. ಮೌಲ್ವಿಗಳು ಎರಡು ಜೊತೆ ಕಾಲುಚೀಲ ಹಾಕಿದ್ದರೂ ಚಳಿಗೆ ಪಾದ ಉಜ್ಜಿಕೊಳ್ಳುತ್ತಿದ್ದರು.

“ನೀವು ಎಷ್ಟು ದಿನದಿಂದ ಸರಿಯಾಗಿ ಮಲಗಿಲ್ಲಮ್ಮ?” ಎಂದು ಕೇಳಿದರು.

“ಲೆಕ್ಕ ಇಟ್ಟಿಲ್ಲ. ನೀವು?”

“ಈ ಕುರ್ಚಿಯಲ್ಲಿ ಇನ್ನೈದು ನಿಮಿಷ ಬಿಟ್ಟರೆ ಕಂಪನಿಗೆ ನನ್ನ ಕಾಟ ತಪ್ಪುತ್ತೆ,” ಎಂದರು ಮೌಲ್ವಿಗಳು. ಇಬ್ಬರೂ ನಕ್ಕರು. ಆಮೇಲೆ ಒಬ್ಬರನ್ನೊಬ್ಬರು ಕೈಹಿಡಿದು ಎಬ್ಬಿಸಿಕೊಂಡರು.

ಸಭಾಂಗಣದ ನೆಲಹಾಸು ಎಷ್ಟು ದಪ್ಪವಿತ್ತೆಂದರೆ ನಡೆದರೆ ಸದ್ದೇ ಬರುತ್ತಿರಲಿಲ್ಲ. ತನ್ನ ಬೂಟಿನ ಸದ್ದು ತನಗೇ ಕೇಳಿಸದಿದ್ದುದು ಮೂರಕ್ಕನಿಗೆ ಕಸಿವಿಸಿಯಾಯಿತು. ನಡುದಾರಿಯಲ್ಲಿ ಮೈಕು. ಅದರ ಪಕ್ಕ ಹಸಿರು ದೀಪ, ಎರಡು ನಿಮಿಷ ತುಂಬಿದರೆ ಕೆಂಪು. ಅವಳು ಬರೆದದ್ದನ್ನು ತಪ್ಪಿಲ್ಲದೆ ಓದಿದಳು. ನೂರ ಅರವತ್ತು ಜನ, ಇಪ್ಪತ್ತು ಜನದ ಔಷಧಿ. ಕೆಂಪು ದೀಪಕ್ಕೆ ಇನ್ನೂ ಸಮಯವಿತ್ತು.

ಕಂಪನಿಯ ಅಧ್ಯಕ್ಷರು ಬಹಳ ಮರ್ಯಾದಸ್ಥರು. ಎದ್ದು ನಿಂತು, “ನಿಮ್ಮಂಥವರ ಸೇವೆಗೆ ನಾವೆಲ್ಲ ತಲೆಬಾಗುತ್ತೇವೆ,” ಎಂದರು. ಹೊಸ ಔಷಧಿ ಕಂಡುಹಿಡಿಯುವುದು ಎಷ್ಟು ಕಷ್ಟದ ಕೆಲಸವೆಂದು ವಿವರಿಸಿದರು. ಜನ ಚಪ್ಪಾಳೆ ತಟ್ಟಿದರು, ಅವಳಿಗೂ ತಟ್ಟಿದರು, ಅಧ್ಯಕ್ಷರಿಗೂ ತಟ್ಟಿದರು. ಬೈದಿದ್ದರೆ ಅವಳಿಗೆ ಇಷ್ಟು ಸುಸ್ತಾಗುತ್ತಿರಲಿಲ್ಲ. ಬೈಗುಳ ಅವಳಿಗೆ ದಿನವೂ ಕಿಟಕಿಯಲ್ಲಿ ಸಿಗುತ್ತಿತ್ತು. ಈ ನಯ ಹೊಸದು.

ಬೇಡಿಕೆಯ ಪರ ಬಿದ್ದ ಮತ ನೂರಕ್ಕೆ ಮೂರು. ಮೂರಕ್ಕನ ತಲೆ ತಗ್ಗಿತು. ಗಣಿತದ ಸಿಸ್ಟರ್ ಮಾತ್ರ ಹಿಗ್ಗಿಹೋಗಿದ್ದರು. ಮೂರಕ್ಕಿಂತ ಕಡಿಮೆ ಬಿದ್ದಿದ್ದರೆ ಇದೇ ಬೇಡಿಕೆಯನ್ನು ಮತ್ತೆ ತರಲು ನಿಯಮ ಬಿಡುತ್ತಿರಲಿಲ್ಲವಂತೆ. ಮೂರು ಬಿದ್ದದ್ದರಿಂದ ಮುಂದಿನ ವರ್ಷ ಮತ್ತೆ ಕೇಳಬಹುದು. ಆಗ ಆರು ಬೇಕು.

“ಅಂದ್ರೆ ನಾವು ಗೆದ್ದದ್ದು ಮತ್ತೆ ಕೇಳೋ ಹಕ್ಕನ್ನ,” ಎಂದಳು ಮೂರಕ್ಕ.

“ಹೌದು. ಅದೂ ಸುಲಭಕ್ಕೆ ಸಿಗಲ್ಲ,” ಎಂದರು ಅವರು.

ಊರಿಗೆ ಮರಳಿದಾಗ ಡಾಕ್ಟರು, “ನೂರಕ್ಕೆ ಮೂರಕ್ಕ,” ಎಂದು ನಗಿಸಲು ನೋಡಿದರು. ಅವಳು ಬ್ಯಾಗು ಇಟ್ಟು, ಬಿಳಿ ಬಟ್ಟೆ ತೊಟ್ಟು, ನೇರ ಕಿಟಕಿಗೆ ಹೋಗಿ ನಿಂತಳು. ಸಾಲು ಗೇಟಿನವರೆಗೆ ಇತ್ತು.

ಎರಡನೇ ವರ್ಷವೂ ಹೋದಳು. ಅದೇ ಸಭಾಂಗಣ, ಅದೇ ದೀಪ. ಅಧ್ಯಕ್ಷರು ಗುರುತು ಹಿಡಿದು, “ಮತ್ತೆ ಬಂದಿದ್ದೀರಿ, ಬಹಳ ಸಂತೋಷ,” ಎಂದರು. ಮೌಲ್ವಿಗಳು ಆ ವರ್ಷ ಬಂದಿರಲಿಲ್ಲ. ಕಾಯಿಲೆ ಬಿದ್ದಿದ್ದಾರೆಂದು ತಿಳಿಯಿತು. ಮೂರಕ್ಕನ ಕೈಯಲ್ಲಿ ಗಣಿತದ ಸಿಸ್ಟರ್ ಬರೆದುಕೊಟ್ಟ ಕಾಗದವಿತ್ತು. ಮೈಕಿನ ಮುಂದೆ ನಿಂತಾಗ ಅದರ ಮೊದಲ ಸಾಲು ಕಣ್ಣಿಗೆ ಮಸುಕಾಯಿತು. ಅಳುವಲ್ಲ, ಎರಡು ದಿನದ ನಿದ್ದೆಗೇಡು. ಅವಳು ಕಾಗದವನ್ನು ಮಡಚಿ, ಚೀಲದಲ್ಲಿದ್ದ ಅರ್ಜಿ ನಮೂನೆಯೊಂದನ್ನು ತೆಗೆದಳು. ಅದು ಬಾಯಿಪಾಠವಿತ್ತು, ಕಣ್ಣು ಬೇಕಿರಲಿಲ್ಲ.

“ಮನೆಯಲ್ಲಿ ಗಡಿಯಾರ ಇದೆಯೇ?” ಎಂದು ಓದಿದಳು. “ಇದ್ದರೆ ಎರಡು ಅಂಕ. ಸಣ್ಣ ಮಕ್ಕಳಿದ್ದಾರೆಯೇ? ಇದ್ದರೆ ಐದು. ಮದುವೆಯಾಗಿ ಮಕ್ಕಳಿಲ್ಲದಿದ್ದರೆ, ಏನೂ ಇಲ್ಲ. ಒಬ್ಬಂಟಿ ಮುದುಕರಾದರೆ, ಏನೂ ಇಲ್ಲ. ಇದನ್ನು ಮಾಡಿದ್ದು ನಾವು ನಾಲ್ಕು ಜನ. ನಾನು ಅವರಲ್ಲಿ ಒಬ್ಬಳು. ನನ್ನ ಕೈ ಶುದ್ಧ ಅಂತ ಹೇಳೋಕೆ ನಾನು ಬಂದಿಲ್ಲ. ದೇವರು ಮಾಡಬೇಕಾದ ಕೆಲಸ ನಾವು ಗುರುವಾರ ಮಧ್ಯಾಹ್ನ ಮಾಡ್ತೀವಿ, ಯಾಕಂದ್ರೆ ಔಷಧಿ ಸಾಕಾಗಲ್ಲ. ಆ ಕೋಣೆಯಲ್ಲಿ ಒಂದು ಕುರ್ಚಿ ಹೆಚ್ಚಿಗಿದೆ. ಔಷಧಿ ಸಾಕಾಗದ ಹಾಗೆ ಮಾಡಿದವರು ಯಾವತ್ತೂ ಅಲ್ಲಿ ಬಂದು ಕೂತಿಲ್ಲ. ಒಂದು ಗುರುವಾರ ಬನ್ನಿ. ಒಬ್ಬರ ಹೆಸರು ನೀವೇ ಹೊಡೆದುಹಾಕಿ. ನಮಗೂ ಅಷ್ಟು ಹಗುರಾಗುತ್ತೆ.”

ದೀಪ ಕೆಂಪಾಯಿತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಧ್ಯಕ್ಷರು “ಧನ್ಯವಾದಗಳು” ಎಂದು ಮುಂದಿನವರ ಹೆಸರು ಕರೆದರು.

ಹೆಂಗಸರ ಕೈತೊಳೆಯುವ ಕೋಣೆಯಲ್ಲಿ ಮುತ್ತಿನ ಸರ ಹಾಕಿದ್ದ ಒಬ್ಬ ಅಜ್ಜಿ ಅವಳ ಪಕ್ಕ ಬಂದು ನಿಂತರು. ನಲ್ಲಿ ಬಿಟ್ಟು ಕೈ ಒಡ್ಡದೆ ನೀರು ನೋಡುತ್ತ, “ನಮ್ಮ ಯಜಮಾನರು ಇದೇ ಕಂಪನಿಯಲ್ಲಿ ಮೂವತ್ತು ವರ್ಷ ಇದ್ದರು. ಪ್ರತಿ ವರ್ಷ ಮತದ ಕಾಗದ ಮನೆಗೇ ಬರುತ್ತೆ. ನಾನು ಓದೋದೇ ಇಲ್ಲ, ‘ಬೇಡ’ ಅನ್ನೋ ಕಡೆ ಗುರುತು ಹಾಕ್ತೀನಿ,” ಎಂದರು. ಆಮೇಲೆ, “ಗಡಿಯಾರಕ್ಕೆ ನಿಜವಾಗ್ಲೂ ಎರಡು ಅಂಕಾನಾ?” ಎಂದು ಕೇಳಿದರು.

“ಹೌದಮ್ಮ. ಎರಡು.”

ಅಜ್ಜಿ ನಲ್ಲಿ ನಿಲ್ಲಿಸಿ ಹೊರಟುಹೋದರು. ಆ ವರ್ಷ ನೂರಕ್ಕೆ ಏಳು ಬಿತ್ತು.

ಮೂರನೇ ವರ್ಷದ ಸಭೆಗೆ ಹದಿನೈದು ದಿನವಿರುವಾಗ ಗಣಿತದ ಸಿಸ್ಟರ್ ಫೋನು ಮಾಡಿದರು. ಮೂರಕ್ಕ ಗಾಯಕ್ಕೆ ಬಟ್ಟೆ ಕಟ್ಟುತ್ತಿದ್ದವಳು ಒಂದು ಕೈಯಲ್ಲೇ ರಿಸೀವರ್ ಹಿಡಿದಳು. ಬಡದೇಶಗಳಿಗೆ ಔಷಧಿಯನ್ನು ಬೇರೆಯವರು ಮಾಡಿಕೊಡಲು ಕಂಪನಿ ಒಪ್ಪಿದೆ, ಬೇಡಿಕೆ ಹಿಂತೆಗೆದುಕೊಂಡಿದ್ದೇವೆ, ನೀವು ಬರಬೇಕಾಗಿಲ್ಲ ಎಂದರು. ಎಷ್ಟೋ ದೇಶಗಳ ಎಷ್ಟೋ ಜನ ಬೀದಿಯಲ್ಲಿ, ಕೋರ್ಟಿನಲ್ಲಿ ಹೋರಾಡಿದ್ದರ ಫಲ ಅದು. ಕಂಪನಿಯ ಪ್ರಕಟಣೆಯಲ್ಲಿ ಅವರಲ್ಲಿ ಒಬ್ಬರ ಸುಳಿವೂ ಇರಲಿಲ್ಲ, ಸನ್ಯಾಸಿನಿಯರದಂತೂ ಇಲ್ಲವೇ ಇಲ್ಲ.



“ಯಾವಾಗ ಬರುತ್ತೆ ಔಷಧಿ?” ಎಂದು ಕೇಳಿದಳು ಮೂರಕ್ಕ.

“ಅದು ಇನ್ನೂ ಗೊತ್ತಿಲ್ಲ.”

“ಸರಿ ಸಿಸ್ಟರ್. ಇಲ್ಲಿ ಒಬ್ಬರ ಕಾಲು ಕೈಯಲ್ಲಿದೆ. ಆಮೇಲೆ ಮಾತಾಡ್ತೀನಿ.” ಸಂತೋಷವಾಗಬೇಕಿತ್ತು. ಅವಳಿಗೆ ಆದದ್ದು ನಿದ್ದೆ. ಅಂದು ಊಟದ ಹೊತ್ತಿನಲ್ಲಿ ಹಾಸಿಗೆಬಟ್ಟೆಯ ಗಂಟುಗಳನ್ನಿಡುವ ಕೋಣೆಯಲ್ಲಿ ಕೂತವಳು ಹಾಗೇ ಒರಗಿ ಎರಡು ತಾಸು ಮಲಗಿಬಿಟ್ಟಳು. ಯಾರೂ ಎಬ್ಬಿಸಲಿಲ್ಲ.

ಔಷಧಿ ಬಂದದ್ದು ಒಂಬತ್ತು ತಿಂಗಳ ಮೇಲೆ. ಆ ಒಂಬತ್ತು ತಿಂಗಳಲ್ಲಿ ಪೆಟ್ಟಿಗೆಯಿಂದ ಇನ್ನೂ ಹನ್ನೊಂದು ಚೀಟಿ ತೆಗೆದಿಟ್ಟಳು. ರಟ್ಟಿನ ಡಬ್ಬಗಳು ಎಕ್ಸ್‌ರೇ ಕೋಣೆಯಲ್ಲಿ ಎದೆಯೆತ್ತರ ಸೇರಿದ ಗುರುವಾರ ಸಮಿತಿಯ ನಾಲ್ವರೂ ಅಭ್ಯಾಸಬಲದಿಂದ ಬಂದರು. ಕೂರಲು ಜಾಗವಿರಲಿಲ್ಲ. ಹೆಡ್‌ಮೇಷ್ಟ್ರು ಪೆನ್ನಿಗೆ ಟೋಪಿ ಹಾಕಿ, “ಹಾಗಾದ್ರೆ ಇನ್ನು ನಮಗೆ ಕೆಲಸ ಇಲ್ಲ,” ಎಂದರು. ಪಾದ್ರಿಗಳು ಪ್ರಾರ್ಥನೆಗೆಂದು ಕೈಜೋಡಿಸಿ, ಯಾವುದೆಂದು ಹೊಳೆಯದೆ ಕೈಬಿಟ್ಟರು. ಒಬ್ಬರ ಮುಖ ಒಬ್ಬರು ನೋಡದೆ ನಾಲ್ವರೂ ಹೊರಬಂದರು. ಮತ್ತೆಂದೂ ಅವರು ಒಟ್ಟಿಗೆ ಕೂತು ಚಹಾ ಕುಡಿದದ್ದನ್ನು ಯಾರೂ ನೋಡಲಿಲ್ಲ.

ಮೂರನೇ ವಾರದ ಸಾಲಿನಲ್ಲಿ ತಮ್ಮನ ಹೆಂಡತಿ ನಿಂತಿದ್ದಳು. ಮೂರಕ್ಕ ಮೊದಲು ಗುರುತಿಸಿದ್ದು ಅವಳ ಮೊಣಕೈಯನ್ನು. ಮೂಳೆ ಎದ್ದ ಮೊಣಕೈ, ಕಿಟಕಿಯ ಮರದ ಮೇಲೆ.

“ಹೆಸರು ಬರೆದುಕೊಳ್ಳಿ,” ಎಂದಳು ನಾದಿನಿ, ಬೇರೆ ಯಾರಿಗೋ ಹೇಳುವಂತೆ.

ಮೂರಕ್ಕ ಬರೆದುಕೊಂಡಳು. “ಬೆಳಗ್ಗೆ ಒಂದು, ಸಂಜೆ ಒಂದು. ಮೊದಲ ವಾರ ತಲೆ ಸುತ್ತುತ್ತೆ, ಹೆದರಬೇಡ. ಒಂದು ಹೊತ್ತೂ ಬಿಡಬಾರದು.”

“ಅರ್ಜಿ ಬೇಡ್ವಾ?”

“ಬೇಡ.”

“ಯಾರಿಗೂ ಬೇಡ್ವಾ?”

“ಯಾರಿಗೂ ಬೇಡ.”

ನಾದಿನಿ ಡಬ್ಬ ತೆಗೆದುಕೊಂಡು, ತಿರುಗಿಸಿ ನೋಡಿದಳು. “ಇಷ್ಟು ಸಣ್ಣದಾ ಇದು,” ಎಂದಳು. ಸ್ವಲ್ಪ ಹೊತ್ತು ಅಲ್ಲೇ ನಿಂತಳು. ಹಿಂದಿನವರು ಗೊಣಗಲಿಲ್ಲ. “ನನಗೆ ನಿಮ್ಮ ಮೇಲಿನ ಸಿಟ್ಟು ಹೋಗಿಲ್ಲ ಅತ್ತಿಗೆ. ಹೋಗುತ್ತೆ ಅಂತ ಸುಳ್ಳು ಹೇಳಲ್ಲ.”

“ಇರಲಿ. ನಾಲ್ಕು ವಾರ ಬಿಟ್ಟು ಬಾ. ರಕ್ತ ನೋಡಬೇಕು.”

“ಬರ್ತೀನಿ.”

ಬಂದಳು. ನಾಲ್ಕು ವಾರಕ್ಕೂ ಬಂದಳು, ಆಮೇಲೂ ಬಂದಳು. ಆರು ತಿಂಗಳಿಗೆ ಮೈ ತುಂಬಿಕೊಂಡಿತು. ಹೊಲಿಗೆ ಯಂತ್ರ ಇಟ್ಟು ಶಾಲೆಯ ಮಕ್ಕಳ ಬಟ್ಟೆ ಹೊಲಿಯತೊಡಗಿದಳು. ಕಿಟಕಿಯಲ್ಲಿ ಇಬ್ಬರ ನಡುವೆ ಔಷಧಿಯ ಮಾತಷ್ಟೇ ನಡೆಯುತ್ತಿತ್ತು. ಒಮ್ಮೆ ಮಾತ್ರ ಮೂರಕ್ಕನ ತೋಳಿನ ಬಳಿ ಬಟ್ಟೆಯ ಹೊಲಿಗೆ ಬಿಚ್ಚಿಕೊಂಡಿದ್ದನ್ನು ಕಂಡು, “ಕೊಡಿ, ಹಾಕಿಕೊಡ್ತೀನಿ,” ಎಂದಳು. ಮೂರಕ್ಕ ಮಾರನೇ ವಾರ ತಂದುಕೊಟ್ಟಳು.

ಗಣಿತದ ಸಿಸ್ಟರ್ ಅದೇ ವರ್ಷ ಮತ್ತೆ ಬರೆದರು. ಮಕ್ಕಳ ಅಳತೆಯ ಔಷಧಿ ಯಾರೂ ಮಾಡುತ್ತಿಲ್ಲ, ಈಗ ಅದನ್ನು ಕೇಳಬೇಕು, ಬರುತ್ತೀರಾ ಎಂದು. ನಿಜವೇ ಆಗಿತ್ತು. ಮೂರಕ್ಕ ದಿನವೂ ದೊಡ್ಡವರ ಮಾತ್ರೆಯನ್ನು ಬ್ಲೇಡಿನಲ್ಲಿ ನಾಲ್ಕು ಭಾಗ ಮಾಡಿ ತಾಯಂದಿರಿಗೆ ಕೊಡುತ್ತಿದ್ದಳು. ನಾಲ್ಕರಲ್ಲಿ ಒಂದು ಯಾವಾಗಲೂ ಪುಡಿಯಾಗುತ್ತಿತ್ತು. ಕಾಗದವನ್ನು ಮೂರು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿ, ನಾಲ್ಕನೇ ದಿನ ಮದರ್ ಮುಂದೆ ಇಟ್ಟಳು.

“ನನ್ನಿಂದ ಆಗಲ್ಲ ಮದರ್. ಮನಸ್ಸಿಲ್ಲ ಅಂತಲ್ಲ. ಮೈಕಿನ ಮುಂದೆ ನಿಂತ್ರೆ ಈ ಸಲ ಬೈದುಬಿಡ್ತೀನಿ, ಇಲ್ಲಾಂದ್ರೆ ನಿದ್ದೆ ಮಾಡ್ತೀನಿ.”

ಮದರ್ ಒತ್ತಾಯಿಸಲಿಲ್ಲ. ಮಕ್ಕಳ ವಾರ್ಡಿನ ಇನ್ನೊಬ್ಬ ಸಿಸ್ಟರನ್ನು ಕಳಿಸುವುದೆಂದಾಯಿತು. ಮಾತೆತ್ತಿದರೆ ಕಣ್ಣಲ್ಲಿ ನೀರು ಬರುವಂಥವಳು ಅವಳು. ಹೊರಡುವ ಮುನ್ನಾದಿನ ಮೂರಕ್ಕ ಅವಳನ್ನು ಕಿಟಕಿಯ ಒಳಗೆ ಕೂರಿಸಿಕೊಂಡು, ಬ್ಲೇಡು, ಮಾತ್ರೆ, ಪುಡಿ ಎಲ್ಲವನ್ನೂ ಒಂದು ಸಣ್ಣ ಡಬ್ಬಿಗೆ ಹಾಕಿಕೊಟ್ಟಳು.

“ಅಲ್ಲಿ ಬಹಳ ಮರ್ಯಾದೆ ಕೊಡ್ತಾರೆ. ಅದಕ್ಕೆ ಮರುಳಾಗಬೇಡ. ಅಳು ಬಂದ್ರೆ ಅಳು, ಆದ್ರೆ ಅಳ್ತಾನೇ ಮಾತಾಡು, ನಿಲ್ಲಿಸಬೇಡ. ದೀಪ ಯಾರಿಗೂ ಕಾಯಲ್ಲ.” ಏನೋ ನೆನಪಾದವಳಂತೆ, “ಬೂಟು ಅಗಲದ್ದು ಹಾಕಿಕೋ,” ಎಂದು ಸೇರಿಸಿ, ಹೊರಗೆ ಕಾಯುತ್ತಿದ್ದವರಲ್ಲಿ ಮುಂದಿನವರನ್ನು ಕರೆದಳು.